ಒಂಬತ್ತು ಭಾನುವಾರದ ಗೂಗಿ

ಹೋದ ತಿಂಗಳು ನಮ್ಮ ಪ್ರಾಥಮಿಕ ಶಾಲೆಯವರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಗೂಬೆಯ ಚಿತ್ರ ಹಾಕಿ, ‘ನೆನಪದೇನ್ರೋ?’ ಅಂತ ಕೇಳಿದ. ಹುಟ್ಟುಹಬ್ಬದ ಕೇಕು, ಶುಭೋದಯದ ಹೂವು ಬಿಟ್ಟರೆ ಬೇರೇನೂ ಕಾಣದ ಗುಂಪು ಅದು. ಅವತ್ತು ಎದ್ದು ಕೂತಿತು. ‘ಗೂಗಿ ಬಂತು ಗೂಗಿ!’ ‘ಹಲ್ಲು ತಿಕ್ಕೀರೇನು?’ ‘ಅಯ್ಯ, ನಮ್ಮ ಗೂಗಿ ಅಕ್ಕ!’ ಇಪ್ಪತ್ತೈದು ವರ್ಷದ ಹಿಂದೆ ಸುರಪುರದ ಕೇಬಲ್ಲಿನಲ್ಲಿ ಮಾತ್ರ ಬರುತ್ತಿದ್ದ ಗೂಗಿ, ಅಂದರೆ ಗೂಬೆ ಗೊಂಬೆಯ ಒಂದು ಮಕ್ಕಳ ಕಾರ್ಯಕ್ರಮ. ಅದನ್ನು ನೆನೆದು ಮೂವತ್ತೈದರ ಗಂಡಸರು, ಹೆಂಗಸರು ಮುಂಜಾನೆಯಿಂದ ಸಂಜೆಯವರೆಗೆ ಹುಚ್ಚೆದ್ದು ಬರೆದರು. ಗೂಗಿ ಕಂದು ಬಣ್ಣದ್ದು ಅಂತ ಒಬ್ಬಳು, ಬೂದಿ ಬಣ್ಣ ಅಂತ ಇನ್ನೊಬ್ಬ. ಎರಡು ವರ್ಷ ಬಂತು ಅಂತ ಒಬ್ಬ, ಒಂದು ಬೇಸಿಗೆ ಪೂರ್ತಿ ಬಂತು ಅಂತ ಮತ್ತೊಬ್ಬಳು. ಯಾರ ಹತ್ತಿರವೂ ಒಂದು ಫೋಟೊ ಇಲ್ಲ. ಬಂದದ್ದು ಬರೀ ಒಂಬತ್ತು ಭಾನುವಾರ. ನನಗೆ ಗೊತ್ತು, ಏಕೆಂದರೆ ಒಂಬತ್ತನೆಯದು ಕೊನೆಯದಾದದ್ದು ನನ್ನಿಂದ.

ಕಡೆಗೆ ಒಬ್ಬ ಕೇಳಿಯೇ ಬಿಟ್ಟ: ‘ಅಷ್ಟ್ ಛಲೋ ಇತ್ತು, ಯಾಕ ಬಂದ್ ಆತು?’ ಆಮೇಲೆ ಉತ್ತರ ಬಂತು: ‘ಯಾರೋ ಮುದುಕ ಸತ್ತನಂತಲ್ಲೊ, ಗೂಗಿ ಹೆಸರು ಹಿಡದು ಕರೀತಂತ.’ ಅದರ ಕೆಳಗೆ ನಗುವ ಮುಖಗಳು ನಾಲ್ಕು ಬಿದ್ದವು. ಆ ಯಾರೋ ಮುದುಕ ನನ್ನ ಮುತ್ಯಾ, ನನ್ನಪ್ಪನ ಅಪ್ಪ. ಗೂಗಿಯಿಂದ ಕರೆಸಿದವಳು ನಾನು. ಮೊಬೈಲು ಕೆಳಗಿಟ್ಟೆ, ಎತ್ತಿಕೊಂಡೆ, ಎರಡು ಸಾಲು ಬರೆದೆ, ಅಳಿಸಿದೆ. ಅಡುಗೆಮನೆಗೆ ಹೋಗಿ ನೀರು ಕುಡಿಯದೆ ಹಾಗೇ ಬಂದೆ. ಅಷ್ಟರಲ್ಲಿ ಇನ್ನೊಂದು ಸುದ್ದಿ ಬಿದ್ದಿತ್ತು: ‘ಗೂಗಿ ಅಕ್ಕ ಈ ತಿಂಗಳ ಕೊನಿಗಿ ಹೊಲಿಗಿ ಅಂಗಡಿ ಮುಚ್ಚಾಕತ್ತಾಳಂತ. ಕಣ್ಣ ಕಾಣವಲ್ಲವಂತ.’

ನಾನು ಶಹಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ, ಭೀಮರಾಯನಗುಡಿಯ ಕ್ವಾರ್ಟರ್ಸಿನಲ್ಲಿ ಇರುತ್ತೇನೆ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಬಸುರಾಗಿದ್ದೇನೆ. ಏಳನೇ ತಿಂಗಳು. ನಮ್ಮ ಕಡೆ ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹೊಸ ಹಸಿರು ಕುಬುಸ ತೊಡಿಸಿ ಉಡಿ ತುಂಬುತ್ತಾರೆ. ಆ ಕಾರ್ಯಕ್ಕೇ ಕುಬುಸ ಅಂತ ಹೆಸರು. ಅದನ್ನು ಹೊಲಿಯುವ ಕೈ ಒಳ್ಳೆಯದಿರಬೇಕು ಅಂತ ಹೆಂಗಸರು ಊರೆಲ್ಲ ವಿಚಾರಿಸುತ್ತಾರೆ. ಸುರಪುರದಲ್ಲಿ ಗೂಗಿ ಆಡಿಸಿದ ಆ ಅಕ್ಕನಷ್ಟು ನೇರ ಹೊಲಿಗೆ ಯಾರದೂ ಇಲ್ಲ. ಆದರೆ ಇಪ್ಪತ್ತೈದು ವರ್ಷದಲ್ಲಿ ಒಂದು ಕುಬುಸವನ್ನಾಗಲಿ, ಮದುಮಗಳ ಒಂದು ಹೊಸ ಜಂಪರನ್ನಾಗಲಿ ಯಾರೂ ಅವಳಿಗೆ ಹೊಲಿಯಲು ಕೊಟ್ಟಿಲ್ಲ. ಗೂಗಿ ಮುಟ್ಟಿದ ಕೈ ಅಂತ. ನನ್ನ ಕುಬುಸ ಅವಳೇ ಹೊಲಿಯಬೇಕು, ಹೊಲಿಯುವ ಮೊದಲು ನಾನು ಅವಳಿಗೆ ಎಲ್ಲ ಹೇಳಿಬಿಡಬೇಕು ಅಂತ ಅವತ್ತು ಗಟ್ಟಿ ಮಾಡಿಕೊಂಡೆ. ಗಟ್ಟಿ ಮಾಡಿಕೊಂಡ ಮೇಲೆ ಎಂಟು ದಿನ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂಡಲಿಲ್ಲ.

ಅಕ್ಕನ ಹೆಸರು ಬರೆಯುವುದಿಲ್ಲ. ‘ಅವಳು’ ಅಂತಲೇ ಬರೆಯುತ್ತೇನೆ, ಯಾಕೆಂದರೆ ‘ಅವರು ಇವರು’ ಅಂದರೆ ಅವಳಿಗೆ ಮೈ ಉರಿಯುತ್ತದೆ. “ನಾ ಏನ್ ತಹಶೀಲ್ದಾರಳೇನು?” ಅನ್ನುತ್ತಾಳೆ. ದೇವಾಪುರದ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಐದು ವರ್ಷ ಬಾಳುವೆ ಮಾಡಿ, ಒಂದು ದಿನ ಹೊಲಿಗೆ ಮಷೀನನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಸುರಪುರದ ತಮ್ಮನ ಮನೆಗೆ ಬಂದಳು. ತಮ್ಮ ಮದುವೆ ವಿಡಿಯೊ ತೆಗೆಯುತ್ತಿದ್ದ, ಊರಿಗೆ ಕೇಬಲ್ ಕೊಟ್ಟಿದ್ದ. ಎರಡು ಖೋಲಿಯ ಮನೆ. ಹಿಂದಿನ ಖೋಲಿಯಲ್ಲಿ ಅವನ ವೈರು, ಡಬ್ಬಿ, ಕ್ಯಾಸೆಟ್ಟು. ಮುಂದಿನದರಲ್ಲಿ ಅಕ್ಕನ ಮಷೀನು. ನಮ್ಮ ಮನೆಯಿಂದ ನಾಲ್ಕು ಮನೆ ಆಚೆ.

ಹಲ್ಲಲ್ಲಿ ಟಾಚಣಿ ಪಿನ್ನು ಕಚ್ಚಿಕೊಂಡೇ ಮಾತಾಡುವವಳು. ಕಿವಿಯ ಮೇಲೆ ನೀಲಿ ಸೀಮೆಸುಣ್ಣ. ಬಂದವರನ್ನು ಬಾಗಿಲಲ್ಲೇ ಕಣ್ಣಿಂದ ಅಳೆದುಬಿಡುತ್ತಿದ್ದಳು. “ಹೋದ ಸಲಕಿಂತ ಒಂದು ಇಂಚು ಹೆಚ್ಚಾಗೀದಿ, ಅತ್ತಿ ಮನ್ಯಾಗ ಛಲೋ ನೋಡ್ಕೋತಾರ ಅಂದಂಗಾತು” ಅಂತ ತವರಿಗೆ ಬಂದ ಹೆಣ್ಣುಮಗಳನ್ನು ನಾಲ್ಕು ಜನರ ಮುಂದೆ ನಗಿಸುತ್ತಿದ್ದಳು. ಕಡಿಮೆಯಾಗಿದ್ದರೆ ಮಾತ್ರ ಏನೂ ಅನ್ನುತ್ತಿರಲಿಲ್ಲ. ಟೇಪು ಹಿಡಿದು ಸುಮ್ಮನೆ ಅಳತೆ ತೆಗೆದುಕೊಳ್ಳುತ್ತಿದ್ದಳು. ಅದನ್ನು ನಾನು ಎಷ್ಟೋ ವರ್ಷದ ಮೇಲೆ ಗಮನಿಸಿದೆ.

ಗೂಗಿಯನ್ನೇ ಯಾಕೆ ಹೊಲಿದೆ ಅಂತ ಒಮ್ಮೆ ಕೇಳಿದ್ದೆ. ಆಗ ನಾನು ನಾಲ್ಕನೇ ಇಯತ್ತೆ. ಶಾಲೆ ಬಿಟ್ಟ ಕೂಡಲೇ ಅವಳ ಮಷೀನಿನ ಕೆಳಗೆ ಕೂತು ಬಟ್ಟೆ ಚೂರು ಆಯುವುದು ನನ್ನ ಕೆಲಸ. ಅಕ್ಕ ಟಾಚಣಿ ತೆಗೆದು ಹೇಳಿದಳು: “ನಮ್ಮತ್ತಿ ನನಗ ಗೂಗಿ ಅಂತಿದ್ಲು. ಎತ್ತ ಸತ್ರ ಗೂಗಿ ಬಂದದ ಮನಿಗಿ, ಬಾವಿ ಬತ್ತಿದ್ರ ಗೂಗಿ ಬಂದದ ಮನಿಗಿ. ಐದು ವರ್ಷ ಕೇಳಿ ಕೇಳಿ ಸಾಕಾತು. ಹೆಂಗಿರ್ತದ ನೋಡಮ ಅಂತ ಒಂದ ಹೊಲದೆ.” ಹೇಳಿ ಜೋರಾಗಿ ನಕ್ಕಳು. ನನಗೆ ಆಗ ಅದರಲ್ಲಿ ನಗುವಂಥದ್ದು ಏನಿದೆ ತಿಳಿಯಲಿಲ್ಲ, ಆದರೂ ನಕ್ಕೆ.

ಹಳೆಯ ಕಂಬಳಿಯ ಮೈ, ಹಳದಿ ಅಸ್ತರ ಬಟ್ಟೆಯ ಕೊಕ್ಕು, ಕಣ್ಣಿಗೆ ಎರಡು ದೊಡ್ಡ ಕೋಟಿನ ಗುಂಡಿ. ಬಣ್ಣ ಕಂದೂ ಅಲ್ಲ, ಬೂದಿಯೂ ಅಲ್ಲ. ಕಂಬಳಿ ಬಣ್ಣ. ಕೈಗೆ ಚೀಲದಂತೆ ಹಾಕಿಕೊಂಡು ಮಣಿಕಟ್ಟು ತಿರುಗಿಸಿದರೆ ಗೂಗಿಯ ಕತ್ತು ಹಿಂದಕ್ಕೂ ತಿರುಗುತ್ತಿತ್ತು. ತಮ್ಮ ಒಂದು ದಿನ ಬೇಸರಕ್ಕೆ ಕ್ಯಾಮೆರಾ ಹಿಡಿದ, ಅಕ್ಕ ಮೇಜಿನ ಕೆಳಗೆ ಕೂತು ಗೂಗಿ ಆಡಿಸಿದಳು, ಅವನು ಕ್ಯಾಮೆರಾದ ವೈರನ್ನು ಕೇಬಲ್ ಮಷೀನಿಗೆ ಚುಚ್ಚಿಬಿಟ್ಟ. ಊರಿನ ಟಿ.ವಿ.ಗಳಲ್ಲೆಲ್ಲ ಗೂಗಿ ಬಂತು. ಟೇಪಿಗೆ ತುಂಬುವುದು ಗಿಂಬುವುದು ಏನಿಲ್ಲ, ಆಡಿದ್ದು ಆಗಲೇ ಕಾಣುತ್ತಿತ್ತು, ಆಗಲೇ ಹೋಗುತ್ತಿತ್ತು. ಭಾನುವಾರ ಮುಂಜಾನೆ ಒಂಬತ್ತಕ್ಕೆ, ಅರ್ಧ ತಾಸು. ಅದಕ್ಕೇ ಇವತ್ತು ಯಾರ ಹತ್ತಿರವೂ ಒಂದು ತುಣುಕಿಲ್ಲ.

ಮೊದಲನೇ ಭಾನುವಾರ ಓಣಿಯ ಮುದುಕಿಯರು ಹೌಹಾರಿದರು. ಗೂಗಿ ಮನೆಯ ಮಾಳಿಗೆಯ ಮೇಲೆ ಕೂತರೇ ಮನೆ ಬಿಟ್ಟು ಹೋಗುವ ಮಂದಿ ನಾವು. ಇದು ನೇರವಾಗಿ ಪಡಸಾಲೆಗೇ ಬಂದುಬಿಟ್ಟಿದೆ! ಟಿ.ವಿ. ಮೇಲೆ ಲಿಂಬೆಹಣ್ಣು ಇಟ್ಟರು, ಬೇವಿನ ತಪ್ಪಲು ಸಿಕ್ಕಿಸಿದರು. ನಮ್ಮ ಆಯಿ, ಅಪ್ಪನ ಅವ್ವ, ಅಂತೂ ಅದಕ್ಕೆ ಟಾವೆಲು ಹೊದಿಸಿ, ಅರಿಶಿನ ಹಚ್ಚಿ ಕೈಮುಗಿದಳು. ಎರಡನೇ ವಾರ ಗೂಗಿ ಬಂದು, “ಯಾರ ಮನ್ಯಾಗ ನನಗ ಲಿಂಬಿಹಣ್ಣ ಇಟ್ಟೀರಿ? ಥಂಡಿ ಆಗ್ಯಾದ, ಪಾನಕ ಬ್ಯಾಡ, ಚಾ ಇಡ್ರಿ” ಅಂತು. ಮೂರನೇ ವಾರ ಅದೇ ಮುದುಕಿಯರು ಎಲೆಅಡಿಕೆ ಚೀಲ ಹಿಡಿದು ಮಕ್ಕಳಿಗಿಂತ ಮುಂದೆ ಕೂತಿದ್ದರು.

ಏನಿರುತ್ತಿತ್ತು ಅದರಲ್ಲಿ? ಈಗ ಹೇಳಿದರೆ ಏನೂ ಇಲ್ಲ. ಒಂದು ಕಥೆ, ಎರಡು ಒಗಟು, ಮಕ್ಕಳ ಚೀಟಿ. ಮಷೀನಿನ ಪಕ್ಕ ಒಂದು ಬಿಸ್ಕಿಟ್ ಡಬ್ಬಿ ಇಟ್ಟಿದ್ದಳು, ನಾವು ಅದರಲ್ಲಿ ಚೀಟಿ ಹಾಕುವುದು, ಗೂಗಿ ಓದಿ ಜವಾಬು ಕೊಡುವುದು. ನಡುನಡುವೆ ಓದುವುದು ನಿಲ್ಲಿಸಿ, ಕತ್ತು ತಿರುಗಿಸಿ, “ಏ, ಹಿಂದ ಕುಂತಾಂವ, ಮೂಗಿನ್ಯಾಗಿನ ಬಟ್ಟ ತಗಿ” ಅನ್ನುತ್ತಿತ್ತು. ಸುರಪುರದ ಅಷ್ಟೂ ಹುಡುಗರು ಒಂದೇ ಸಲ ಮೂಗಿನಿಂದ ಬೆರಳು ತೆಗೆಯುತ್ತಿದ್ದರು. ಕರೆಂಟು ಹೋಗಿ ಹತ್ತು ನಿಮಿಷಕ್ಕೆ ಬಂದರೆ, “ಎಲ್ಲಿಗಿ ಹೋಗಿದ್ರಿ ನನ್ನ ಒಬ್ಬಾಕಿನ್ನ ಬಿಟ್ಟು?” ಅಂತ ನಮ್ಮನ್ನೇ ಬಯ್ಯುತ್ತಿತ್ತು. ನಮ್ಮ ಮಾತಲ್ಲಿ ಮಾತಾಡಿದ ಮೊದಲ ಟಿ.ವಿ. ಅದು. ಬೇರೆ ಎಲ್ಲದರಲ್ಲೂ ಯಾರೋ ಬೆಳ್ಳಗಿನ ಮಕ್ಕಳು ಹಿಂದಿಯಲ್ಲೋ ಬೆಂಗಳೂರಿನ ಕನ್ನಡದಲ್ಲೋ ಹಾಲು ಕುಡಿಯುತ್ತಿದ್ದರು.

ಒಂದು ಕಟ್ಟು ಮಾತ್ರ ಇತ್ತು. ಗೂಗಿ ಯಾರ ಹೆಸರನ್ನೂ ಹಿಡಿದು ಕರೆಯುತ್ತಿರಲಿಲ್ಲ. “ಬೇವಿನ ಗಿಡದ ಮನಿ ಹುಡುಗಿ,” “ಹಿಟ್ಟಿನ ಗಿರಣಿ ಎದುರಿನ ಪೋರಾ,” ಹೀಗೇ. ಗೂಗಿ ಹೆಸರು ಹಿಡಿದು ಕರೆದರೆ ಓಗೊಡಬಾರದು, ಓ ಅಂದವರನ್ನು ಕರೆದುಕೊಂಡು ಹೋಗುತ್ತದೆ ಅಂತ ನಮ್ಮಲ್ಲಿ ನಂಬಿಕೆ. ಅಕ್ಕನಿಗೆ ಅದು ಗೊತ್ತಿತ್ತು. ನಂಬದಿದ್ದರೂ ಪಾಲಿಸುತ್ತಿದ್ದಳು. “ಆಡೂದು ಮಂದಿ ಮಕ್ಕಳ ಜತಿ. ನಾಳಿ ಒಂದಕ್ಕ ಜ್ವರ ಬಂದ್ರ ಅದರ ಅವ್ವ ರಾತ್ರಿ ಮಕ್ಕೋತಾಳೇನು?” ಅನ್ನುತ್ತಿದ್ದಳು.

ನಮ್ಮ ಮುತ್ಯಾ ಕೃಷ್ಣಾ ಹೊಳೆಯಲ್ಲಿ ಹರಿಗೋಲು ಹಾಕಿದವನು, ಮೀನು ಹಿಡಿದವನು. ಕಡೆಯ ವರ್ಷ ದಮ್ಮು ಹತ್ತಿ ಮಂಚ ಹಿಡಿದಿದ್ದ. ಅವನ ಮಂಚದ ಎದುರಿಗೇ ಟಿ.ವಿ. ಒಂಬತ್ತನೇ ಭಾನುವಾರದ ಹಿಂದಿನ ದಿನ, ಆಯಿ ನೀರಿಗೆ ಹೋಗಿದ್ದಾಗ ನನ್ನನ್ನು ಕರೆದು, “ಬರಿ ಒಂದ ಚೀಟಿ” ಅಂದ. ಅವನು ಹೇಳಿದಂತೆ ನಾನು ಬರೆದೆ. ‘ಗೂಗಿ, ನಾಲ್ಕು ಮನಿ ಆಚಿ ಇರೂ ಹಣಮಂತನ ಹೆಸರು ಹಿಡದು ಮೂರು ಸಲ ಕರಿ. ಕರೀಲಿಲ್ಲಂದ್ರ ನೀ ಅಂಜುಬುರಕಿ.’ ಹಣಮಂತ ಅವನದೇ ಹೆಸರು. “ನಾ ಹೇಳೀನಂತ ಬರೀಬ್ಯಾಡ ಮತ್ತ. ನಿಮ್ಮಾಯಿಗೂ ಹೇಳಬ್ಯಾಡ, ಬೊಬ್ಬಿ ಹೊಡಿತಾಳ” ಅಂದ. ನಾನು ಓಡಿ ಹೋಗಿ ಡಬ್ಬಿಯಲ್ಲಿ ಹಾಕಿ ಬಂದೆ.

ಗೂಗಿ ಕರೆಯಿತು. ಚೀಟಿ ಓದಲಿಲ್ಲ, ನೇರ ಹೆಸರು ಹಿಡಿದು ಮೂರು ಸಲ ಕರೆಯಿತು. ಮುತ್ಯಾ ಮೂರು ಸಲವೂ ಓಗೊಟ್ಟ. ಆಯಿ ಜೋಳದ ಹಿಟ್ಟಿನ ಕೈಯಲ್ಲೇ ಒಳಗಿಂದ ಓಡಿ ಬಂದು ಟಿ.ವಿ. ಬಂದ್ ಮಾಡಿದಳು. ಮಂಗಳವಾರ ಮುಂಜಾನೆ ಚಹಾ ಕೊಡಲು ಹೋಗಿ ಮುಟ್ಟಿದರೆ ಮುತ್ಯಾನ ಮೈ ತಣ್ಣಗಿತ್ತು.

ಡಾಕ್ಟರು ಮೂರು ತಿಂಗಳ ಹಿಂದೆಯೇ ಕೈಚೆಲ್ಲಿದ್ದರು ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಆಯಿ ಎದೆ ಬಡಿದುಕೊಂಡು ಒಂದೇ ಮಾತು ಹಾಡಿ ಹಾಡಿ ಅತ್ತಳು: ಗೂಗಿ ಕರೀತು, ಇವ ಓ ಅಂದ. ಮಣ್ಣು ಕೊಟ್ಟು ಬಂದ ಮಾರನೇ ದಿನ ನಮ್ಮಪ್ಪ ನಾಲ್ಕು ಜನರನ್ನು ಕರೆದುಕೊಂಡು ಅಕ್ಕನ ಮನೆಗೆ ಹೋದ. ನಾನು ಅಪ್ಪನ ಹಿಂದೆಯೇ ಹೋದೆ, ಯಾರೂ ಬೇಡ ಅನ್ನಲಿಲ್ಲ. ಅಕ್ಕ ಮಷೀನಿನ ಮುಂದೆ ಇದ್ದಳು. ಎದ್ದು ನಿಂತಳು.

“ಯಾರ್ ಹೇಳಿದ್ರು ನಿನಗ, ನಮ್ಮಪ್ಪನ ಹೆಸರು ಕರಿ ಅಂತ?” ಅಪ್ಪ ಕೇಳಿದ. “ಯಾವನರ ಚೀಟಿ ಹಾಕಿದ್ದಂದ್ರ ಚೀಟಿ ತೋರಸು. ಅವನ ಕೈ ಮುರೀತೀನಿ. ಇಲ್ಲಂದ್ರ ನೀ ಹೇಳು.”

ಡಬ್ಬಿ ಅವಳ ಮೊಣಕಾಲ ಹತ್ತಿರವೇ ಇತ್ತು. ಚೀಟಿ ಅದರಲ್ಲೇ ಇದ್ದಿರಬೇಕು, ಓದಿದ ಚೀಟಿಗಳನ್ನು ಅವಳು ಎಸೆಯುತ್ತಿರಲಿಲ್ಲ. ಅಕ್ಕ ಡಬ್ಬಿಯ ಕಡೆ ನೋಡಿದಳು, ಅಪ್ಪನ ಹಿಂದೆ ನಿಂತ ನನ್ನ ಕಡೆ ನೋಡಿದಳು. ಆಮೇಲೆ ಹೇಳಿದಳು: “ಚೀಟಿ ಗೀಟಿ ಏನೂ ಇಲ್ಲ. ನಾನೇ ಕರದೆ.”

ನಾನು ಬಾಯಿ ಬಿಡಲಿಲ್ಲ. ಹತ್ತು ವರ್ಷದವಳು, ಹೆದರಿದ್ದೆ, ಅದೆಲ್ಲ ಸರಿ. ಹನ್ನೊಂದಾಯಿತು, ಹದಿನೈದಾಯಿತು, ಬಿ.ಎಡ್. ಆಯಿತು, ಆಗಲೂ ಬಿಡಲಿಲ್ಲವಲ್ಲ, ಅದಕ್ಕೇನು ಹೇಳಲಿ? ಅವತ್ತು ಅಪ್ಪ ಗೂಗಿಯನ್ನು ಕಿತ್ತುಕೊಂಡು ಹೋಗಿ ತಿಪ್ಪೆಯ ಹತ್ತಿರ ಸೀಮೆಎಣ್ಣೆ ಸುರಿದ. ಅಕ್ಕ ಹಿಂದೆ ಬಂದು ಒಂದೇ ಮಾತು ಕೇಳಿದಳು: “ಗುಂಡಿ ಅರ ಬಿಚ್ಚಿಕೊಡ್ರಿ. ಅವು ನಮ್ಮಪ್ಪನ ಕೋಟಿನವು.” ಯಾರೂ ಬಿಚ್ಚಿಕೊಡಲಿಲ್ಲ. ಅಪ್ಪ ಕೆಟ್ಟವನಲ್ಲ. ತಂದೆ ಸತ್ತು ಎರಡು ದಿನ ಆಗಿತ್ತು ಅವನಿಗೆ. ಅವನೂ ಈಗ ಇಲ್ಲ, ಹೋಗಿ ಮೂರು ವರ್ಷ. ಅವನಿಗೂ ನಾನು ಹೇಳಲಿಲ್ಲ.

ಮುಂದಿನ ಭಾನುವಾರ ಒಂಬತ್ತಕ್ಕೆ ಕೇಬಲ್ಲಿನಲ್ಲಿ ಯಾರದೋ ಮದುವೆಯ ವಿಡಿಯೊ ಬಂತು.

ಅಕ್ಕ ಊರು ಬಿಡಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಸಣ್ಣ ಅಂಗಡಿ ಹಿಡಿದಳು. ಗೂಗಿ ಅಂತ ಮಕ್ಕಳು ಪ್ರೀತಿಯಿಂದ ಕರೆದಿದ್ದ ಹೆಸರನ್ನೇ ದೊಡ್ಡವರು ಬೇರೆ ದನಿಯಲ್ಲಿ ಕರೆದರು. ಯೂನಿಫಾರ್ಮು, ಲಂಗ, ದಿಂಬಿನ ಚೀಲ ಹೊಲಿದಳು. “ಸಾಲಿಗಿ ಹೋಗಾಕ ಮುಹೂರ್ತ ನೋಡಂಗಿಲ್ಲ ನೋಡು, ಅದಕ್ಕ ನನ್ನ ಹತ್ರ ಯೂನಿಫಾರ್ಮ್ ಬರ್ತಾವ” ಅನ್ನುತ್ತಿದ್ದಳು. ನನ್ನ ಹೈಸ್ಕೂಲಿನ ಯೂನಿಫಾರ್ಮನ್ನೂ ಅವಳೇ ಹೊಲಿದಳು. ನಾನು ತಲೆ ತಗ್ಗಿಸಿ ನಿಂತಿದ್ದೆ. ಅವಳು ಏನೂ ಆಗದವಳಂತೆ, “ಹೊಲಿಗಿ ಒಳಗ ಎರಡು ಬಟ್ಟಿನಷ್ಟು ಅರಿವಿ ಬಿಟ್ಟೀನಿ. ಬೆಳದಂಗ ಬಿಚ್ಚಿಸ್ಕೋತ ಹೋಗು” ಅಂದಳು. ಆ ಯೂನಿಫಾರ್ಮು ಮೂರು ವರ್ಷ ಬಂತು. ಮೂರು ವರ್ಷವೂ ಅದನ್ನು ಹಾಕಿಕೊಳ್ಳುವಾಗ ನನಗೆ ಹೇಳಬೇಕು, ಇವತ್ತು ಹೇಳಬೇಕು ಅನಿಸುತ್ತಿತ್ತು.

ಒಮ್ಮೆ ಒಂದು ಮದುವೆಯ ಮುಂಜಾನೆ, ಕಲಬುರಗಿಯಲ್ಲಿ ಹೊಲಿಸಿದ್ದ ಮದುಮಗಳ ಜಂಪರು ತೋಳಲ್ಲಿ ಏರಲೇ ಇಲ್ಲವಂತೆ. ಅಕ್ಕಿಕಾಳು ಹಾಕುವ ಮುಹೂರ್ತಕ್ಕೆ ಒಂದು ತಾಸು ಉಳಿದಿತ್ತು. ಮದುಮಗಳ ಸೋದರತ್ತೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಕ್ಕನ ಹಿಂಬಾಗಿಲಿಗೆ ಬಂದಳು. ಅಕ್ಕ ಬಿಚ್ಚಿ, ಕೂಡಿಸಿ, ಇಪ್ಪತ್ತು ನಿಮಿಷದಲ್ಲಿ ಕೊಟ್ಟಳು. ಊಟಕ್ಕೆ ಬಾ ಅಂತ ಆ ಹೆಂಗಸು ಅನ್ನಲಿಲ್ಲ. ಅಕ್ಕ ಇದನ್ನು ಹೇಳಿ, “ಬಿಚ್ಚಿ ಹೊಲಿಯಾಕ ನಾ ನಡೀತೀನಿ, ಹೊಸಾದ ಹೊಲಿಯಾಕ ನಡಿಯಂಗಿಲ್ಲ. ಎಂಥಾ ಶಾಣ್ಯಾ ಮಂದಿ ಅದಾರ ನೋಡು ನಮ್ಮೂರಾಗ!” ಅಂತ ತೊಡೆ ತಟ್ಟಿ ನಕ್ಕಿದ್ದಳು. ಅವಳು ನಕ್ಕಷ್ಟೂ ನನಗೆ ಅಲ್ಲಿಂದ ಓಡಿಹೋಗಬೇಕು ಅನಿಸಿತ್ತು.

ಅವ್ವನಿಗೆ ಫೋನು ಮಾಡಿ ಕುಬುಸದ ವಿಷಯ ಹೇಳಿದೆ. “ಒಂಬತ್ತು ವರ್ಷಕ್ಕ ಒಂದ ಕೂಸು ಕಣ್ಣ ತಗದು ನೋಡಾಕತ್ತದ. ಅಲ್ಲಿಗೇ ಹೋಗಬೇಕೇನು? ಊರಾಗ ಬ್ಯಾರೆ ಟೇಲರ್ ಸತ್ತಾರೇನು?” ಅಂದಳು. ನಾನು ಜಗಳ ಮಾಡಿದೆ. ಮೂಢನಂಬಿಕೆ ಅಂದೆ, ಶಾಲೆಯಲ್ಲಿ ಹೇಳುವುದನ್ನೆಲ್ಲ ಹೇಳಿದೆ. ಫೋನು ಇಟ್ಟ ಮೇಲೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂಸು ಒದೆಯುವವರೆಗೂ ಕೂತಿದ್ದೆ. ಒದೆಯಲು ತಡವಾಯಿತು. ಆ ಹೊತ್ತಿನಲ್ಲಿ ನಾನು ಎಂಥ ವಿಜ್ಞಾನದ ಮೇಡಂ ಅನ್ನುವುದು ನನಗೇ ಗೊತ್ತಾಯಿತು. ನನಗೆ ಗೂಗಿಯ ಹೆದರಿಕೆ ಇತ್ತು. ನಾನೇ ಬರೆದ ಚೀಟಿ, ನನಗೇ ಹೆದರಿಕೆ!

ಆದರೂ ಹೋದೆ. ಹಸಿರು ಖಣದ ಬಟ್ಟೆ ಚೀಲದಲ್ಲಿಟ್ಟುಕೊಂಡು, ಮಧ್ಯಾಹ್ನದ ಬಸ್ಸಿಗೆ, ಒಬ್ಬಳೇ. ಅಕ್ಕ ಮಷೀನಿಗೆ ಎಣ್ಣೆ ಬಿಡುತ್ತಿದ್ದಳು. ಯಾರೋ ತೆಗೆದುಕೊಂಡು ಹೋಗಲು ಬರುವವರಿದ್ದರಂತೆ. ಕಣ್ಣಿಗೆ ದಪ್ಪ ಚಷ್ಮಾ ಬಂದಿದೆ, ಕೂದಲು ಪೂರ್ತಿ ಬೆಳ್ಳಗಾಗಿದೆ. ಮೊದಲು ನನ್ನ ಹೊಟ್ಟೆ ನೋಡಿದಳು, ಆಮೇಲೆ ಮುಖ.

“ಬಾರವಾ. ಕೂಡು ಕೂಡು. ಏಳರಾಗ ಅದೀ ಅಲಾ? ಕುಬಸ ಯಾವಾಗ?”

“ಬರೂ ಸೋಮವಾರ.” ಖಣ ತೆಗೆದು ಮಷೀನಿನ ಮೇಲೆ ಇಟ್ಟೆ. “ನೀ ಹೊಲಿಬೇಕಕ್ಕ.”

ಅವಳು ಬಟ್ಟೆ ಮುಟ್ಟಲಿಲ್ಲ. ಎಣ್ಣೆಯ ಕೈ ಸೀರೆಗೆ ಒರೆಸಿಕೊಂಡಳು. “ಛಲೋ ಅದ ಖಣ. ಯಾದಗಿರ್ಯಾಗ ಹೊಲಿಸು. ನಿಮ್ಮವ್ವಗ ಗೊತ್ತದೇನು ಇಲ್ಲಿ ಬಂದದ್ದು?”

“ಗೊತ್ತದ. ಬ್ಯಾಡಂದ್ಲು.”

“ಶಾಣ್ಯಾಕಿ. ಆಕಿ ಮಾತ ಕೇಳು.” ಖಣವನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಚೀಲದಲ್ಲೇ ತುರುಕಿದಳು.

ಹೇಗೆ ಶುರು ಮಾಡಬೇಕು ಅಂತ ಬಸ್ಸಿನಲ್ಲಿ ಹೊಂದಿಸಿಕೊಂಡದ್ದೆಲ್ಲ ಮರೆತುಹೋಯಿತು. “ಅಕ್ಕ, ಆ ಚೀಟಿ ಬರದಾಕಿ ನಾನು” ಅಂದುಬಿಟ್ಟೆ.

“ಗೊತ್ತದ.” ಅವಳು ಮಷೀನಿನ ಚಕ್ರ ತಿರುಗಿಸಿ ನೋಡಿದಳು. “ವಾರಕ್ಕ ಮೂರ ಚೀಟಿ ಹಾಕಾಕಿ ಊರಾಗ ನೀ ಒಬ್ಬಾಕೇ. ನಿನ್ನ ಅಕ್ಷರ ನನಗ ಗೊತ್ತಾಗಂಗಿಲ್ಲೇನು?”

“ಮತ್ತ ಅವತ್ತ ಯಾಕ ಹೇಳಲಿಲ್ಲ?”

“ಏನ್ ಹೇಳ್ಲಿ? ಮುತ್ಯಾನ್ನ ನುಂಗಿದ ಪೋರಿ ಅಂತ ನಿನಗ ಹೆಸರ ಇಡಸ್ಲೇನು? ಹತ್ತು ವರ್ಷದಾಕಿ ನೀ. ಮುಂದ ಮದುವಿ ಆಗಬೇಕು, ಬಾಳೇ ಮಾಡಬೇಕು. ನನಗ ಹೆಂಗೂ ಇನ್ನೊಂದ ಊರಾಗ ಆ ಹೆಸರು ಇಟ್ಟಿದ್ರು. ಹಳೀದೇ ನಡೀತು.”

ಇಷ್ಟು ಸಲೀಸಾಗಿ ಹೇಳಿದಳು. ನಾನು ಅಳಬಹುದು, ಕಾಲು ಹಿಡಿಯಬಹುದು ಅಂತ ಅಂದುಕೊಂಡು ಬಂದಿದ್ದೆ. ಯಾವುದೂ ಆಗಲಿಲ್ಲ. ಸುಮ್ಮನೆ ಮತ್ತೆ ಖಣ ತೆಗೆದು ಮೇಲಿಟ್ಟೆ. ಅವಳು ಚಷ್ಮಾದ ಮೇಲಿಂದ ನನ್ನನ್ನು ನೋಡಿದಳು.

“ಹೆದ್ರಿಕಿ ಅದೇನು ನಿನಗ?”

“ಇಲ್ಲ. ನಾ ವಿಜ್ಞಾನ ಹೇಳಾಕಿ.”

“ಸುಳ್ಳ ಬೊಗಳಬ್ಯಾಡ.”

“ಅದ,” ಅಂದೆ. “ಭಾಳ ಅದ. ಇಲ್ಲಿಗಿ ಬರಾಕ ಹೆದ್ರಿಕಿ, ಬರದಿದ್ರ ಇನ್ನಾ ಹೆದ್ರಿಕಿ.”

ಅಕ್ಕ ಚಷ್ಮಾ ತೆಗೆದು ಮಷೀನಿನ ಮೇಲಿಟ್ಟಳು. “ನನಗೂ ಅದ,” ಅಂದಳು. ನನಗೆ ತಿಳಿಯಲಿಲ್ಲ. “ಮಂದಿ ಮಾತಿಗಿ ಅಲ್ಲ. ಮಂದಿಗಿ ನಾ ಅಂಜಿದಾಕೇ ಅಲ್ಲ. ಆದ್ರ ಹೆಸರು ಹಿಡೀಬಾರ್ದು ಅಂತ ಕಟ್ಟು ಮಾಡಿದಾಕಿ ನಾನು. ಮುರದಾಕಿ ನಾನು. ಅಂಜುಬುರಕಿ ಅಂತ ಬರದಿದ್ದಿ ಅಲ, ಯಾಕ ಅಂಜಬೇಕು, ಒಮ್ಮಿ ಕರದೇ ನೋಡಮ ಅನಸ್ತು ನನಗ. ಸೊಕ್ಕು. ಅಲ್ಲಿ ಮಂಚದ ಮ್ಯಾಲ ದಮ್ಮಿನ ಮನಷ್ಯಾ ಮಕ್ಕೊಂಡಾನ, ಒಮ್ಮಿಂದೊಮ್ಮೆಲೆ ಗೂಗಿ ತನ್ನ ಹೆಸರು ಹಿಡದು ಕರದ್ರ ಎದಿ ಒಡೀದ ಇರ್ತದೇನು? ಅಂಜೇ ಸತ್ತಾನ ನಿಮ್ಮ ಮುತ್ಯಾ. ನಾ ಇಲ್ಲಿ ಕೈಯಾಗ ಕಂಬಳಿ ತುಂಡು ಹಾಕ್ಕೊಂಡು ಆಟ ಆಡಾಕತ್ತೀನಿ, ಅಂವ ಅಲ್ಲಿ ಅಂಜಿ ಸಾಯಾಕತ್ತಾನ. ಇದೊಂದ ನನ್ನ ಬಿಟ್ಟು ಹೋಗವಲ್ದು ನೋಡು.”

ಅವಳ ಹೆಸರು ಕೆಡಿಸಿದೆ, ಅವಳ ಕೆಲಸ ಕೆಡಿಸಿದೆ ಅಂತ ನಾನು ಕೊರಗಿದ್ದೆ. ಇದನ್ನು ಕನಸಲ್ಲೂ ನೆನೆದಿರಲಿಲ್ಲ. ಚೀಟಿಯಲ್ಲಿ ಮುತ್ಯಾ ಹೇಳಿದನೆಂದು ಬರೆದಿರಲಿಲ್ಲ. ಕಿಡಿಗೇಡಿ ಹುಡುಗಿ ತನ್ನ ಮುತ್ಯಾನನ್ನು ಬೆದರಿಸಲು ಬರೆದದ್ದು ಅಂತ ಅವಳು ಇಷ್ಟು ವರ್ಷ ತಿಳಿದಿದ್ದಳು.

“ಅಂಜಿಲ್ಲಕ್ಕ!” ನಾನು ಕೂಗಿಯೇ ಬಿಟ್ಟೆ. “ಅಂವನೇ ಬರಸಿದ್ದ! ನಾ ಬರೀ ಬರದಾಕಿ. ಮುತ್ಯಾನೇ ಹೇಳಿ ಬರಸಿದ, ನಾ ಹೇಳೀನಂತ ಬರೀಬ್ಯಾಡ ಅಂದ.”

“ಏನಂದಿ?”

“ನೀ ಕರಿತೀ ಅಂತ ಮುಂಜಾನಿಂದ ಕಾಯ್ಕೋತ ಕುಂತಿದ್ದ. ಗೋಡಿಗಿ ಆನ್ಕೊಂಡು ಎದ್ದು ಕುಂತಿದ್ದ, ತಿಂಗಳಾಗಿತ್ತು ಅಂವ ಎದ್ದು ಕುಂತು. ನೀ ಹಣಮಂತಾ ಅಂದಿ, ಅಂವ ‘ಓ, ಬಂದೆ, ತಡಿ ಚಾ ಕುಡದ ಬರ್ತೀನಿ’ ಅಂದ. ನಕ್ಕ ನಕ್ಕ ಕೆಮ್ಮು ಬಂತು. ಮೂರು ಸಲ ಆದ ಮ್ಯಾಲ ಟಿ.ವಿ. ಕಡಿ ಬಟ್ಟ ಮಾಡಿ, ‘ಇನ್ನೊಮ್ಮಿ ಕರಿಯಲೇ’ ಅಂದ. ಅಷ್ಟರಾಗ ಆಯಿ ಬಂದು ಬಂದ್ ಮಾಡಿದ್ಲು.”

“ಇನ್ನೊಮ್ಮಿ ಕರಿ ಅಂದನಾ?”

“ಅಂದ.”

“ನಕ್ಕನಾ?”

“ನಕ್ಕ ಅಕ್ಕ. ಖರೇನ ನಕ್ಕ.”

ಅಕ್ಕ ಮಷೀನಿನ ಅಂಚು ಹಿಡಿದುಕೊಂಡು ಅತ್ತಳು. ಮುಖ ಮುಚ್ಚಿಕೊಳ್ಳಲಿಲ್ಲ, ದನಿ ತೆಗೆಯಲಿಲ್ಲ. ಬಾಗಿಲಲ್ಲಿ ಯಾರೋ ಹುಡುಗಿಯ ಕೈ ಹಿಡಿದುಕೊಂಡು ಬಂದ ಹೆಂಗಸು ನೋಡಿ, ಆಮೇಲೆ ಬರುತ್ತೇನೆ ಅಂತ ಹೋದಳು. ನನಗೂ ಅಳು ಬಂತು. ಆದರೆ ಅಳುವ ಹಕ್ಕು ನನಗಿರಲಿಲ್ಲ, ನುಂಗಿಕೊಂಡೆ.

ಆಮೇಲೆ ಅವಳು ಚಷ್ಮಾ ಹಾಕಿಕೊಂಡು ಖಣವನ್ನು ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದಳು. ಕೊರಳಲ್ಲಿದ್ದ ಟೇಪು ತೆಗೆದಳು. “ಏಳು. ಕೈ ಎತ್ತು.”

ನಾನು ಎದ್ದು ನಿಂತು ಎರಡೂ ಕೈ ಎತ್ತಿದೆ. ಟೇಪು ನನ್ನ ಬೆನ್ನ ಹಿಂದಿನಿಂದ ಬಂತು. ಅಂಕಿ ಕಾಣದೆ ಅವಳು ಮುಖವನ್ನು ನನ್ನ ಎದೆಯ ಹತ್ತಿರ ತಂದಳು. ಅಲ್ಲಿಂದಲೇ, ತಲೆ ಎತ್ತದೆ, ಮೆಲ್ಲಗೆ ಕೇಳಿದಳು:

“ಇಷ್ಟ ಹೇಳಾಕ ಇಪ್ಪತ್ತೈದು ವರ್ಷ ಬೇಕಾತೇನವಾ ನಿನಗ?”

ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಏನಾದರೂ ಹೇಳುತ್ತಿದ್ದೆನೋ ಏನೋ. ಅವಳು ಇಳಿಸು ಅನ್ನುವವರೆಗೂ ಕೈ ಎತ್ತಿಕೊಂಡೇ ನಿಂತಿದ್ದೆ.